ಸತ್ತಿದ್ದಳೋ, ಸಾಯುತ್ತಿದ್ದಳೋ?

ನನ್ನ ತಂಗಿಗೆ ಏಳು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂದಿತ್ತು. ಆ ಮಳೆಗಾಲದ ಒಂದು ರಾತ್ರಿಯ ಕಥೆಯನ್ನು ನಮ್ಮ ಮನೆಯಲ್ಲಿ ಮೂವರು ಮೂರು ರೀತಿ ಹೇಳುತ್ತಿದ್ದರು. ಅಜ್ಜಿಯ ಪ್ರಕಾರ ಮಗುವಿನ ಉಸಿರು ನಿಂತೇ ಹೋಗಿತ್ತು. ತುಪ್ಪದ ದೀಪ ಹಚ್ಚಿ ಹರಕೆ ಹೊತ್ತ ಮೇಲೆ ಮತ್ತೆ ಬಂತು. ಅಮ್ಮ ಇದನ್ನು ಒಪ್ಪುತ್ತಿರಲಿಲ್ಲ. "ಉಸಿರೆಲ್ಲಿ ನಿಂತಿತ್ತು? ಕೈಕಾಲು ತಣ್ಣಗಾಗಿತ್ತು, ಕಣ್ಣು ಮೇಲೆ ಮಾಡಿಕೊಂಡಿದ್ದಳು, ಅಷ್ಟೆ. ನನ್ನ ತೊಡೆಯ ಮೇಲೇ ಇದ್ದಳಲ್ಲ" ಎನ್ನುತ್ತಿದ್ದಳು. ಅಪ್ಪನದು ಚುಟುಕು: "ಮಗು ಹೋಯ್ತು ಡಾಕ್ಟರೇ ಅಂತ ಬಾಗಿಲು ಬಡಿದೆ. ಬಂದು ಇಂಜೆಕ್ಷನ್ ಕೊಟ್ಟರು. ಉಳಿಯಿತು."

ಬಾಗಿಲು ಬಡಿಯುವಾಗ ಮಗು ಹೋಗಿರಲಿಲ್ಲವೆಂದು ಅಪ್ಪನಿಗೂ ಗೊತ್ತಿತ್ತು. ಆದರೂ ಮನೆಯಲ್ಲಿ ಯಾರೂ ಅವರನ್ನು ಸುಳ್ಳುಗಾರ ಎನ್ನಲಿಲ್ಲ. ಆ ಹೊತ್ತಿನಲ್ಲಿ ಬಾಯಿಂದ ಬರುವ ಮಾತೇ ಅದು.

ಇದನ್ನೆಲ್ಲ ನೆನಪಿಸಿದವರು ನಮ್ಮ ಪಕ್ಕದ ಮನೆಯ ಟೀಚರ್. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಒಂದು ಮಧ್ಯಾಹ್ನ ಅಲ್ಲಲ್ಲಿ ಚೀಟಿ ಇಟ್ಟಿದ್ದ ಬೈಬಲನ್ನು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. ಎಂಜಿನಿಯರಿಂಗ್ ಓದುವ ಮೊಮ್ಮಗಳು ರಜೆಗೆ ಬಂದವಳು ಕೇಳಿದ್ದಳಂತೆ: "ಅಜ್ಜಿ, ಯಾಯೀರನ ಮಗಳು ತಂದೆ ಯೇಸುವಿನ ಹತ್ತಿರ ಬಂದಾಗ ಸತ್ತಿದ್ದಳೋ, ಸಾಯುತ್ತಿದ್ದಳೋ? ಮಾರ್ಕ ಒಂದು ಹೇಳ್ತಾನೆ, ಮತ್ತಾಯ ಒಂದು ಹೇಳ್ತಾನೆ. ಎರಡರಲ್ಲಿ ಒಂದು ಸುಳ್ಳು ತಾನೆ? ಇದೇ ಸುಳ್ಳಾದರೆ ಅವಳು ಎದ್ದಳು ಅನ್ನೋದನ್ನ ಹೇಗೆ ನಂಬೋದು?"

"ನೀವು ಚರಿತ್ರೆ ಓದಿದವರು, ನೀವೇ ಹೇಳಿ" ಎಂದರು ಟೀಚರ್.

ಚರಿತ್ರೆಯ ಪಾಠ ಹೇಳಿ ಬದುಕಿದವಳು ನಾನು. ಪವಾಡ ನಡೆಯಿತೋ ಇಲ್ಲವೋ ಎಂದು ತೀರ್ಪು ಕೊಡುವುದು ಚರಿತ್ರೆಯ ಕೈಗೆ ಎಟುಕುವ ಕೆಲಸವಲ್ಲ. ಆದರೆ ಒಂದೇ ಕಥೆಯನ್ನು ಮೂವರು ಏಕೆ ಮೂರು ರೀತಿ ಹೇಳಿದರು ಎಂದು ಕೇಳುವುದು ಅದರದೇ ಕೆಲಸ. ಆ ಮಳೆಗಾಲವೆಲ್ಲ ನಾವಿಬ್ಬರೂ ಅದನ್ನೇ ಓದಿದೆವು.

ಕಥೆ ತಿಳಿಯದವರಿಗಾಗಿ ಒಮ್ಮೆ ಹೇಳಿಬಿಡುತ್ತೇನೆ. ಗಲಿಲಾಯ ಸರೋವರದ ದಡ. ಯೆಹೂದ್ಯರ ಸಭಾಮಂದಿರದ ಅಧಿಕಾರಿ ಯಾಯೀರ ಜನರ ನಡುವೆ ಬಂದು ಯೇಸುವಿನ ಕಾಲಿಗೆ ಬೀಳುತ್ತಾನೆ. ಮಗಳು ಕೊನೆಯುಸಿರೆಳೆಯುವಂತಿದ್ದಾಳೆ, ಬಂದು ಕೈಯಿಡು ಎನ್ನುತ್ತಾನೆ. ಯೇಸು ಹೊರಡುತ್ತಾನೆ. ದಾರಿಯಲ್ಲಿ, ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಒಬ್ಬ ಹೆಂಗಸು ಹಿಂದಿನಿಂದ ಬಂದು ಅವನ ಬಟ್ಟೆಯನ್ನು ಮುಟ್ಟುತ್ತಾಳೆ. ಸ್ರಾವ ನಿಲ್ಲುತ್ತದೆ. ಯೇಸು ನಿಂತು, ಮುಟ್ಟಿದವರು ಯಾರೆಂದು ಕೇಳುತ್ತಾನೆ. ಅವಳು ನಡುಗುತ್ತ ಬಂದು ಎಲ್ಲವನ್ನೂ ಹೇಳುತ್ತಾಳೆ. ಆ ಮಾತು ಮುಗಿಯುವ ಮೊದಲೇ ಯಾಯೀರನ ಮನೆಯಿಂದ ಸುದ್ದಿ ಬರುತ್ತದೆ: ಹುಡುಗಿ ಹೋದಳು. ಯೇಸು ಆದರೂ ಮನೆಗೆ ಹೋಗಿ, ಅವಳ ಕೈ ಹಿಡಿದು ಎಬ್ಬಿಸುತ್ತಾನೆ. ಹುಡುಗಿಗೆ ಹನ್ನೆರಡು ವರ್ಷ. ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು ಹೇಳುತ್ತಾನೆ.

ಇದು ಮಾರ್ಕ ಹೇಳುವ ಬಗೆ; ಅವನಿಗೆ 23 ವಚನಗಳು ಬೇಕಾಗಿವೆ. ಲೂಕ 17ರಲ್ಲಿ ಮುಗಿಸುತ್ತಾನೆ. ಮತ್ತಾಯನಿಗೆ ಒಂಬತ್ತೇ ಸಾಕು. ಮತ್ತಾಯನಲ್ಲಿ ಯಾಯೀರನ ಹೆಸರಿಲ್ಲ, ಹುಡುಗಿಯ ವಯಸ್ಸಿಲ್ಲ, ಮನೆಯಿಂದ ಬಂದ ಆಳಿಲ್ಲ. ತಂದೆ ಬಂದು ಹೇಳುವ ಮೊದಲ ಮಾತೇ ಮಗಳು ಈಗತಾನೆ ತೀರಿಕೊಂಡಳು ಎಂದು. ಹೆಂಗಸಿನ ವಿಷಯದಲ್ಲೂ ಅಂತರವುಂಟು: ಮಾರ್ಕನಲ್ಲಿ ಮುಟ್ಟಿದ ಕೂಡಲೇ ಗುಣವಾಗುತ್ತದೆ, ಮಾತು ಆಮೇಲೆ, ಮತ್ತಾಯನಲ್ಲಿ ಯೇಸು ತಿರುಗಿ ನೋಡಿ ಮಾತಾಡಿದ ಮೇಲೆ ಗುಣವಾಗುತ್ತದೆ.

ಮೊಮ್ಮಗಳ ಪ್ರಶ್ನೆ ಹೊಸದೇನಲ್ಲ. ಸುಮಾರು ಸಾವಿರದ ಎಂಟುನೂರು ವರ್ಷಗಳಿಂದ ಜನ ಇದಕ್ಕೆ ಉತ್ತರ ಹುಡುಕುತ್ತಿದ್ದಾರೆ. ಮೊದಲ ಉತ್ತರ, ನಾಲ್ಕನ್ನೂ ಸೇರಿಸಿ ಒಂದು ಮಾಡಿಬಿಡುವುದು. ಸುಮಾರು 170ರಲ್ಲಿ ತಾಸಿಯನ್ ಎಂಬ ಸಿರಿಯದ ವಿದ್ವಾಂಸ ನಾಲ್ಕು ಸುವಾರ್ತೆಗಳನ್ನು ಒಂದೇ ಕಥೆಯಾಗಿ ಹೆಣೆದ. 'ದಿಯಾತೆಸ್ಸರೋನ್' ಎಂದು ಅದರ ಹೆಸರು. ಸಿರಿಯದ ಚರ್ಚುಗಳಲ್ಲಿ ತಲೆಮಾರುಗಳ ಕಾಲ ಜನ ಅದನ್ನೇ ಕೇಳಿದರು. ಐದನೆಯ ಶತಮಾನದಲ್ಲಿ ಥಿಯೋಡೊರೆಟ್ ಎಂಬ ಬಿಷಪ್ ತನ್ನ ಪ್ರಾಂತ್ಯದಲ್ಲಿ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ಹುಡುಕಿ ತೆಗೆಸಿ, ಅವುಗಳ ಜಾಗದಲ್ಲಿ ನಾಲ್ಕು ಬೇರೆ ಬೇರೆ ಸುವಾರ್ತೆಗಳನ್ನು ಇಡಿಸಿದ. ಯೋಚಿಸಿ ನೋಡಿ. ಒಂದೇ ಹೊಂದಿಕೆಯ ಕಥೆ ಕೈಯಲ್ಲಿತ್ತು. ಅದನ್ನು ಬಿಟ್ಟು, ಒಂದಕ್ಕೊಂದು ಹೊಂದದ ನಾಲ್ಕನ್ನೇ ಚರ್ಚು ಉಳಿಸಿಕೊಂಡಿತು. ವ್ಯತ್ಯಾಸಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ ಎನ್ನುವಂತಿಲ್ಲ.

ಎರಡನೆಯ ಉತ್ತರ ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯ ನಗರದಲ್ಲಿ ಬೋಧಿಸುತ್ತಿದ್ದ ಜಾನ್ ಕ್ರಿಸೊಸ್ಟಮ್‌ನದು. ತಂದೆ ಹೊರಟ ಹೊತ್ತನ್ನು ಲೆಕ್ಕ ಹಾಕಿ ಇಷ್ಟರಲ್ಲಿ ಸತ್ತಿರಬೇಕೆಂದು ಹೇಳಿದನೋ ಏನೋ; ಇಲ್ಲವೇ ಕಷ್ಟದಲ್ಲಿರುವವರು ತಮ್ಮ ಕಷ್ಟವನ್ನು ದೊಡ್ಡದು ಮಾಡಿ ಹೇಳುವುದು ವಾಡಿಕೆ ಎನ್ನುತ್ತಾನೆ ಆತ. ಇದನ್ನು ಓದಿದಾಗ ನನಗೆ ಅಪ್ಪ ಬಾಗಿಲು ಬಡಿದದ್ದು ನೆನಪಾಯಿತು. ಸುಮಾರು 400ರಲ್ಲಿ ಅಗಸ್ಟೀನ್ ಇದೇ ವಿಷಯಕ್ಕೆಂದು ಒಂದು ಗ್ರಂಥವನ್ನೇ ಬರೆದ. ತಂದೆ ಬಾಯಲ್ಲಿ ಆಡಿದ್ದನ್ನು ಮಾರ್ಕ ಮತ್ತು ಲೂಕ ಬರೆದರು, ಮನಸ್ಸಿನಲ್ಲಿದ್ದುದನ್ನು ಮತ್ತಾಯ ಬರೆದ ಎಂಬುದು ಅವನ ವಾದ. ಸಾಯುವ ಸ್ಥಿತಿಯಲ್ಲಿ ಬಿಟ್ಟು ಬಂದ ಮಗಳನ್ನು ಮತ್ತೆ ಜೀವಂತ ನೋಡುತ್ತೇನೆಂಬ ಆಸೆ ಆ ತಂದೆಗೆ ಉಳಿದಿರಲಿಲ್ಲ. ಮಾತಿಗಿಂತ ಮಾತಿನ ಇಂಗಿತ ಮುಖ್ಯ ಎಂದ.

ಎಲ್ಲರೂ ಇಷ್ಟು ಸಮಾಧಾನದಿಂದ ಇರಲಿಲ್ಲ. 1537ರಲ್ಲಿ ಜರ್ಮನಿಯ ಆಂಡ್ರಿಯಾಸ್ ಒಸಿಯಾಂಡರ್ ಎಂಬ ಬೋಧಕ, ದೇವರ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿರಲಾರದು, ಆದ್ದರಿಂದ ವಿವರ ಬೇರೆಯಾದರೆ ಘಟನೆಯೂ ಬೇರೆ ಎಂದು ಹಟ ಹಿಡಿದ. ಪರಿಣಾಮ ಏನಾಯಿತು ಗೊತ್ತೇ? ಪಾಪ, ಆ ಹುಡುಗಿ ಒಂದಕ್ಕಿಂತ ಹೆಚ್ಚು ಸಲ ಸತ್ತು ಏಳಬೇಕಾಯಿತು! ಇದನ್ನು ಕೇಳಿ ಟೀಚರ್ ಎಷ್ಟೋ ದಿನಗಳ ಮೇಲೆ ನಕ್ಕರು. 1555ರಲ್ಲಿ ಕಾಲ್ವಿನ್ ಮತ್ತೆ ಸರಳ ದಾರಿಗೆ ಬಂದ: ಮತ್ತಾಯ ಸಂಕ್ಷೇಪವಾಗಿ ಹೇಳುವವನು, ಸ್ವಲ್ಪ ಸ್ವಲ್ಪವಾಗಿ ನಡೆದದ್ದನ್ನು ಮೊದಲಲ್ಲೇ ಹೇಳಿ ಮುಗಿಸಿದ್ದಾನೆ.

1776ರಲ್ಲಿ ಗ್ರೀಸ್‌ಬಾಖ್ ಎಂಬ ಜರ್ಮನ್ ವಿದ್ವಾಂಸ ಮತ್ತಾಯ, ಮಾರ್ಕ, ಲೂಕರನ್ನು ಪಕ್ಕಪಕ್ಕದ ಸಾಲುಗಳಲ್ಲಿ ಅಚ್ಚು ಹಾಕಿಸಿದ. ಹೊಂದಿಸುವುದಕ್ಕಲ್ಲ, ಹೋಲಿಸಿ ನೋಡುವುದಕ್ಕೆ. ಅಲ್ಲಿಂದ ಪ್ರಶ್ನೆಯೇ ಬದಲಾಯಿತು. 1838ರಲ್ಲಿ ವಿಲ್ಕೆ ಮತ್ತು ವೈಸೆ ಎಂಬಿಬ್ಬರು ಬೇರೆ ಬೇರೆಯಾಗಿ, ಮೊದಲು ಬರೆದವನು ಮಾರ್ಕ, ಮಿಕ್ಕಿಬ್ಬರ ಮುಂದೆ ಅವನ ಬರಹವಿತ್ತು ಎಂದು ವಾದಿಸಿದರು. ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವುದು ಇದನ್ನೇ. ಮಾರ್ಕ ಬರೆದದ್ದು ಸುಮಾರು 70ರ ಹೊತ್ತಿಗೆ, ಉಳಿದಿಬ್ಬರು ಅದಾದ ಒಂದೆರಡು ದಶಕಗಳಲ್ಲಿ. ಮೂವರೂ ಬರೆದದ್ದು ಗ್ರೀಕಿನಲ್ಲಿ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಹುಡುಗಿಯನ್ನು ಎಬ್ಬಿಸಿದ 'ತಲಿಥಾ ಕೂಮ್' ಎಂಬ ಎರಡು ಮಾತುಗಳನ್ನು ಉಳಿಸಿಕೊಂಡವನು ಮಾರ್ಕ ಒಬ್ಬನೇ.

ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮತ್ತಾಯನ ಕೈ ಎಲ್ಲ ಕಡೆ ಕಾಣುತ್ತದೆ. ಪಾರ್ಶ್ವವಾಯು ರೋಗಿಯನ್ನು ಗೆಳೆಯರು ಮನೆಯ ಮಾಳಿಗೆ ತೆಗೆದು ಇಳಿಸಿದರೆಂದು ಮಾರ್ಕ ಹೇಳಿದರೆ, ಮತ್ತಾಯನಲ್ಲಿ ಮಾಳಿಗೆಯ ಸುದ್ದಿಯೇ ಇಲ್ಲ. ಲೂಕನಲ್ಲಿ ರೋಮನ್ ಸೇನಾಧಿಕಾರಿ ತನ್ನ ಆಳಿಗಾಗಿ ಹಿರಿಯರನ್ನು ಕಳಿಸುತ್ತಾನೆ. ಮತ್ತಾಯನಲ್ಲಿ ತಾನೇ ಬರುತ್ತಾನೆ. ನಡುವಿನವರನ್ನು ಬಿಟ್ಟು ಸೀದಾ ವಿಷಯಕ್ಕೆ ಬರುವುದು ಅವನ ರೀತಿ. ಆ ಕಾಲದ ಇತರ ಲೇಖಕರೂ ಹೀಗೆಯೇ. ಗ್ರೀಕ್ ಚರಿತ್ರಕಾರ ಪ್ಲೂಟಾರ್ಕ್ ಒಂದೇ ಘಟನೆಯನ್ನು ತಾನೇ ಬರೆದ ಬೇರೆ ಬೇರೆ ಜೀವನಚರಿತ್ರೆಗಳಲ್ಲಿ ಬೇರೆ ಬೇರೆಯಾಗಿ ಹೇಳಿದ್ದಾನೆ. 2017ರಲ್ಲಿ ಮೈಕಲ್ ಲಿಕೋನಾ ಎಂಬ ವಿದ್ವಾಂಸರು ಈ ಎರಡನ್ನೂ ಹೋಲಿಸಿ ಒಂದು ಪುಸ್ತಕವನ್ನೇ ಬರೆದರು.

ಆದರೆ ಸಂಕ್ಷೇಪ ಎಂಬ ಒಂದೇ ಉತ್ತರ ಎಲ್ಲ ಬೀಗಕ್ಕೂ ಕೀಲಿಯಲ್ಲ. ಯೆರಿಕೋವಿನ ಕುರುಡನ ಕಥೆ ನೋಡಿ. ಮಾರ್ಕನಲ್ಲಿ ಯೇಸು ಊರು ಬಿಟ್ಟು ಹೊರಡುವಾಗ ಒಬ್ಬ ಕುರುಡ. ಲೂಕನಲ್ಲಿ ಊರನ್ನು ಸಮೀಪಿಸುವಾಗ ಒಬ್ಬ. ಮತ್ತಾಯನಲ್ಲಿ ಊರು ಬಿಡುವಾಗ ಇಬ್ಬರು. ಚುಟುಕಾಗಿ ಹೇಳುವವನು ಒಬ್ಬನನ್ನು ಇಬ್ಬರಾಗಿಸುವುದೇಕೆ? ಇಲ್ಲಿ ಕಾಲ್ವಿನನಂಥವನೂ ಊಹೆಗೆ ಇಳಿಯಬೇಕಾಯಿತು. ಕೆಲವು ಗಂಟು ಬಿಚ್ಚುತ್ತವೆ, ಕೆಲವು ಬಿಚ್ಚುವುದಿಲ್ಲ. ಬಿಚ್ಚದ್ದನ್ನು ಬಿಚ್ಚಿದೆ ಎಂದು ಮಕ್ಕಳಿಗೆ ಹೇಳಬಾರದು. ಅವರು ಒಂದಲ್ಲ ಒಂದು ದಿನ ಕಂಡುಹಿಡಿಯುತ್ತಾರೆ. ಆಗ ನಾವು ಹೇಳಿದ ನಿಜವನ್ನೂ ನಂಬುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ವೈದ್ಯರ ಮಾತು. ಆ ಹೆಂಗಸು ಹಲವು ವೈದ್ಯರ ಕೈಯಲ್ಲಿ ಬಹಳ ಪಾಡುಪಟ್ಟಳು, ಇದ್ದದ್ದನ್ನೆಲ್ಲ ಕಳೆದಳು, ಗುಣವಾಗುವ ಬದಲು ರೋಗ ಹೆಚ್ಚಿತು ಎಂದು ಮಾರ್ಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಲೂಕ ಇದನ್ನು ಮೆತ್ತಗೆ ಮಾಡುತ್ತಾನೆ: ಯಾರಿಂದಲೂ ಗುಣವಾಗಲಿಲ್ಲ, ಅಷ್ಟೆ. ವೈದ್ಯರಿಗೆ ಹಣ ಸುರಿದಳೆಂಬ ಮಾತು ಲೂಕನ ಕೆಲವು ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಲೂಕ ಸ್ವತಃ ವೈದ್ಯನೆಂಬುದು ಸಂಪ್ರದಾಯ. ತನ್ನ ಕಸುಬಿನವರನ್ನು ಬಿಟ್ಟುಕೊಡಲಿಲ್ಲ ನೋಡಿ ಎಂದು ಬಹಳ ಜನ ನಕ್ಕಿದ್ದಾರೆ. 1882ರಲ್ಲಿ ವಿಲಿಯಂ ಹೊಬಾರ್ಟ್ ಲೂಕನ ಶಬ್ದಗಳೇ ಅವನು ವೈದ್ಯನೆಂದು ತೋರಿಸುತ್ತವೆ ಎಂದರು. 1920ರ ಹೊತ್ತಿಗೆ ಹೆನ್ರಿ ಕ್ಯಾಡ್ಬರಿ ಆ ಶಬ್ದಗಳನ್ನೇ ವೈದ್ಯರಲ್ಲದ ಗ್ರೀಕ್ ಲೇಖಕರ ಬರಹಗಳಲ್ಲೂ ತೋರಿಸಿಕೊಟ್ಟರು. ಹೀಗಾಗಿ ನಗು ಉಳಿಯಿತು, ಪುರಾವೆ ಉಳಿಯಲಿಲ್ಲ. ಆದರೆ ಮಾರ್ಕನ ಆ ಒಂದು ವಾಕ್ಯ ಉಳಿಯಿತು. ಚಿನ್ನ ಅಡವಿಟ್ಟು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಯಾವ ಹೆಂಗಸಾದರೂ ಅದನ್ನು ಓದಿ, ಹೌದು ತಾಯಿ, ನಿನ್ನ ಕಷ್ಟ ನನಗೆ ಗೊತ್ತು ಎನ್ನುತ್ತಾಳೆ. ಮೂರನ್ನೂ ತಾಳೆ ಹಾಕುವ ಭರದಲ್ಲಿ ಇದನ್ನು ಒರೆಸಿದ್ದರೆ ನಷ್ಟ ಯಾರಿಗೆ?

ಇಲ್ಲಿ ನಾನೇ ಎಡವಿದ್ದನ್ನೂ ಹೇಳಬೇಕು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರು ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತಂದಾಗಿನಿಂದ ಈ ಕಥೆ ನಮ್ಮ ಭಾಷೆಯಲ್ಲಿದೆ. ಟೀಚರ ಹಳೆಯ ಬೈಬಲಿನಲ್ಲಿ ಆ ಕಾಯಿಲೆಗೆ 'ರಕ್ತಕುಸುಮ ರೋಗ' ಎಂದಿದೆ. ಕನ್ನಡದಲ್ಲಿ ಓದುವ ಹೆಣ್ಣಿಗೆ ಇಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ. ಅವಳು ಮುಟ್ಟಿದಳು, ಮುಟ್ಟಿದ್ದು ಯಾರು ಎಂದು ಅವನು ಕೇಳಿದ. 'ಮುಟ್ಟು' ಎಂದರೆ ನಮಗೆ ಎರಡರ್ಥ. ಮೂರು ದಿನ ಹೊರಗೆ ಕೂತು, ಬೇರೆ ತಟ್ಟೆ, ಬೇರೆ ಚಾಪೆ ಎಂದು ಬೆಳೆದವಳು ನಾನು. ಯಾಜಕಕಾಂಡದ 15ನೆಯ ಅಧ್ಯಾಯದಲ್ಲಿ ಅಂಥ ಹೆಂಗಸು ಕೂತ ಜಾಗ, ಮಲಗಿದ ಹಾಸಿಗೆ ಮುಟ್ಟಿದವರಿಗೂ ಸಂಜೆಯತನಕ ಮೈಲಿಗೆ ಎಂದಿರುವುದನ್ನು ಓದಿ, ಇದೇ ಕಥೆಯ ಗುಟ್ಟು, ಅವಳು ಹಿಂದಿನಿಂದ ಬಂದದ್ದು ಮೈಲಿಗೆಯ ಭಯದಿಂದ ಎಂದು ತೀರ್ಮಾನಿಸಿಬಿಟ್ಟೆ.

ಆಮೇಲೆ ಯೆಹೂದ್ಯ ವಿದುಷಿ ಏಮಿ-ಜಿಲ್ ಲೆವಿನ್ ಅವರ ವಾದ ತಿಳಿಯಿತು. ಕಥೆಯಲ್ಲಿ ಮೈಲಿಗೆಯ ಮಾತೇ ಇಲ್ಲ, ಯಾರೂ ಅವಳನ್ನು ಗದರುವುದಿಲ್ಲ, ದೂರ ಸರಿಯುವುದಿಲ್ಲ ಎಂದು ಅವರು ತೋರಿಸುತ್ತಾರೆ. ಮತ್ತೆ ತೆರೆದು ನೋಡಿದೆ. ನಿಜ, ಮೂವರಲ್ಲಿ ಒಬ್ಬರೂ ಆ ಶಬ್ದ ಬಳಸಿಲ್ಲ. ಅವಳ ಕಷ್ಟ ಕಾಯಿಲೆಯದು, ಬರಿಗೈಯದು. ಮಿಕ್ಕದ್ದೆಲ್ಲ ನಮ್ಮ ಮನೆಯ ಹಿತ್ತಿಲಿಂದ ನಾನು ಹೊತ್ತು ತಂದದ್ದು. ಮತ್ತಾಯ ಬಿಟ್ಟ, ಲೂಕ ತಿದ್ದಿದ ಎಂದು ಎಣಿಸುತ್ತಿದ್ದವಳು ನಾನೂ ಒಂದಿಷ್ಟು ಸೇರಿಸಿಬಿಟ್ಟಿದ್ದೆ.

ಇದನ್ನೆಲ್ಲ ಹೇಳಿ ಮುಗಿಸಿದ ದಿನ ನಾನು ಟೀಚರಿಗೆ ಹೇಳಿದೆ: "ಮೊಮ್ಮಗಳಿಗೆ ಹೇಳಿ, ಇದು ಸುಳ್ಳು ನಿಜದ ಪ್ರಶ್ನೆಯಲ್ಲ. ಮತ್ತಾಯ ಚಿಕ್ಕದು ಮಾಡಿದ, ಅಷ್ಟೆ. ಅದರಿಂದ ಕಥೆಗೇನೂ ಆಗಲಿಲ್ಲ."

ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಗಲಿಲ್ಲ ಅನ್ನಬೇಡಿ. ಮತ್ತಾಯನಲ್ಲಿ ಆ ತಂದೆ ಕಾಯೋದೇ ಇಲ್ಲ" ಎಂದರು.

ಅವರಿಗೊಬ್ಬಳು ಎರಡನೆಯ ಮಗಳಿದ್ದಳೆಂದು ನನಗೆ ಗೊತ್ತಿತ್ತು. ಒಂಬತ್ತು ವರ್ಷಕ್ಕೆ ತೀರಿಕೊಂಡಳೆಂದೂ ಗೊತ್ತಿತ್ತು. ಹೇಗೆಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅಂದು ಹೇಳಿದರು. ರಾತ್ರಿ ಮಗುವನ್ನು ಎತ್ತಿಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಹೋದರಂತೆ. ಇದ್ದವರು ಒಬ್ಬರೇ ವೈದ್ಯರು. ಒಳಗೆ ಹೆರಿಗೆಯಾಗಿ ರಕ್ತ ನಿಲ್ಲದ ಒಬ್ಬ ಹೆಂಗಸಿದ್ದಳು. ಇವರು ಹೊರಗಿನ ಬೆಂಚಿನ ಮೇಲೆ ಮಗುವನ್ನು ಮಲಗಿಸಿಕೊಂಡು ಕಾದರು. ಆ ಹೆಂಗಸು ಉಳಿದಳು. ವೈದ್ಯರು ಹೊರಗೆ ಬರುವಷ್ಟರಲ್ಲಿ ಇವರ ಮಗಳು ಹೋಗಿದ್ದಳು.

"ಆ ಡಾಕ್ಟರದು ತಪ್ಪಿರಲಿಲ್ಲ" ಎಂದರು. "ಆ ಹೆಂಗಸಿನ ಮೇಲೆ ಮಾತ್ರ ಎಷ್ಟು ವರ್ಷ ಸಿಟ್ಟಿಟ್ಟುಕೊಂಡಿದ್ದೆ ಗೊತ್ತಾ? ಅವಳ ಹೆಸರೂ ನನಗೆ ಗೊತ್ತಿಲ್ಲ. ಮಾರ್ಕನಲ್ಲಿ ಅವಳು ತನ್ನ ಕಥೆ ಹೇಳ್ತಾ ಇರುವಾಗ ಯಾಯೀರ ಪಕ್ಕದಲ್ಲೇ ನಿಂತಿರ್ತಾನೆ. ಅವನಿಗೆ ಒಂದು ಮಾತೂ ಇಲ್ಲ. ಆ ಜಾಗ ಬಂದಾಗಲೆಲ್ಲ ನಾನೂ ಅವನ ಜೊತೆ ನಿಂತುಕೊಳ್ತೀನಿ. ಅವನ ಮಗಳು ಎದ್ದಳು, ನನ್ನವಳು ಏಳಲಿಲ್ಲ. ಆದರೂ ನಿಂತವರು ಅಂತ ಇನ್ನೊಬ್ಬರು ಇದ್ದರಲ್ಲ."

ನಾನು ಚರಿತ್ರೆ ಓದಿದವಳು. ಸಾವಿರದ ಎಂಟುನೂರು ವರ್ಷಗಳ ವಾದವನ್ನು ಒಂದು ಮಳೆಗಾಲದಲ್ಲಿ ಹೇಳಿ ಮುಗಿಸಿದ್ದೆ. ಈ ಒಂದು ಮಾತು ನನಗೆ ಹೊಳೆದಿರಲಿಲ್ಲ. ಹುಡುಗಿ ಮೊದಲೇ ಸತ್ತಿದ್ದರೆ ಹೆಂಗಸಿಗಾಗಿ ನಿಂತದ್ದರಿಂದ ಯಾರಿಗೂ ನಷ್ಟವಿಲ್ಲ. ಹುಡುಗಿ ಇನ್ನೂ ಉಸಿರಾಡುತ್ತಿದ್ದರೆ ದಾರಿಯಲ್ಲಿ ನಿಂತ ಒಂದೊಂದು ಗಳಿಗೆಗೂ ಬೆಲೆಯಿದೆ. ಹನ್ನೆರಡು ವರ್ಷ ನರಳಿದ ಹೆಂಗಸು ಒಂದು ಕಡೆ, ಹನ್ನೆರಡು ವರ್ಷದ ಹುಡುಗಿ ಇನ್ನೊಂದು ಕಡೆ. ಮೊದಲು ಯಾರು? ಮಾರ್ಕ ಓದುಗರನ್ನು ಆ ಪ್ರಶ್ನೆಯೊಳಗೆ ನಿಲ್ಲಿಸುತ್ತಾನೆ. ಮತ್ತಾಯನಿಗೆ ಬೇಕಾದದ್ದು ಸತ್ತ ಮಗಳನ್ನೂ ಎಬ್ಬಿಸಬಲ್ಲನೆಂದು ಮೊದಲ ಮಾತಿನಲ್ಲೇ ನಂಬಿದ ತಂದೆ. ಒಂದೇ ವಾಕ್ಯ ಬದಲಾದರೆ ಕಥೆಯ ಭಾರವೇ ಬೇರೆ ಹೆಗಲಿಗೆ ಹೋಗುತ್ತದೆ.

ಮೊಮ್ಮಗಳಿಗೆ ಟೀಚರೇ ಉತ್ತರ ಕೊಟ್ಟರು. ಆ ಹುಡುಗಿಗೆ ತನ್ನ ಚಿಕ್ಕಮ್ಮನ ಸಾವಿನ ವಿವರ ಅದುವರೆಗೆ ಗೊತ್ತಿರಲಿಲ್ಲ. ಅಜ್ಜಿ ಮೊದಲು ಅದನ್ನು ಹೇಳಿ, ಆಮೇಲೆ ಹೇಳಿದರಂತೆ: "ನಂಬೋದು ಬಿಡೋದು ನಿನಗೆ ಬಿಟ್ಟದ್ದು. ಮೂರನ್ನೂ ಓದು. ಒಂದರಿಂದ ಇನ್ನೊಂದನ್ನ ಒರೆಸಬೇಡ." ಹುಡುಗಿ ವಾದ ಮಾಡಲಿಲ್ಲವಂತೆ. ಒಪ್ಪಿದಳೆಂದು ನಾನು ಹೇಳಲಾರೆ. ಆ ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗಿದಳಂತೆ.

ಅದೇ ವಾರ ನಾನು ತಂಗಿಗೆ ಫೋನು ಮಾಡಿದೆ. ಅವಳ ಜ್ವರದ ಕಥೆಯನ್ನು ಅಜ್ಜಿ, ಅಮ್ಮ, ಅಪ್ಪ ಎಲ್ಲರೂ ಹೇಳಿದ್ದರು; ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆ ರಾತ್ರಿ ಏನು ನೆನಪಿದೆ ಎಂದೆ.

"ರಾತ್ರಿಯದು ಏನೂ ಇಲ್ಲ ಕಣೆ. ಬೆಳಿಗ್ಗೆ ಅಮ್ಮ ಗಂಜಿ ಕುಡಿಸಿದ್ದು ನೆನಪಿದೆ. ಉಪ್ಪು ಹಾಕೋದನ್ನೇ ಮರೆತಿದ್ದಳು" ಎಂದಳು.